ಮೈಸೂರಿನಲ್ಲಿ ಬಿಸಿಲು, ರೇಡಿಯೋದಲ್ಲಿ ಮಳೆ

ಹೋದ ಬೇಸಿಗೆಯಲ್ಲಿ ಮೈಸೂರಿನ ನಮ್ಮ ಸೋದರತ್ತೆ ಮನೆಗೆ ಹೋಗಿದ್ದೆ. ಮೇ ತಿಂಗಳು, ಮಧ್ಯಾಹ್ನ ನಾಲ್ಕು ಗಂಟೆ. ತಾರಸಿ ಮೇಲೆ ಎರಡು ಹಳೇ ಸೀರೆ ಹಾಸಿ ಹಪ್ಪಳ ಒಣಗಲು ಹಾಕಿದ್ದರು. ಅಡುಗೆಮನೆ ಕಿಟಕಿಯಲ್ಲಿ ರೇಡಿಯೋ ಹಾಡುತ್ತಿತ್ತು. ಅದರ ಏರಿಯಲ್ ಮುರಿದು ಎಷ್ಟೋ ವರ್ಷವಾಗಿದೆ, ಈಗ ಅಲ್ಲಿರುವುದು ಬರೀ ಒಂದು ತಂತಿ, ಅದರ ತುದಿಯನ್ನು ಕಿಟಕಿ ಸರಳಿಗೆ ಸುತ್ತಿದ್ದಾರೆ. ಹಾಡು ಮುಗಿದದ್ದೇ ಆರ್‌ಜೆ ಬಂದ. "ಹೊರಗಡೆ ನೋಡಿ, ಏನ್ ಮಳೆ ಅಲ್ವಾ! ಇಂಥ ಟೈಮಲ್ಲಿ ಒಂದ್ ಪ್ಲೇಟ್ ಮೆಣಸಿನಕಾಯಿ ಬಜ್ಜಿ ಇದ್ರೆ..." ಅಂದ. ಅತ್ತೆ "ಅಯ್ಯೋ ಹಪ್ಪಳ!" ಅಂತ ಎದ್ದವರೇ ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿದರು. ನಾನೂ ಹಿಂದೆ ಓಡಿದೆ. ಮೇಲೆ ಹೋಗಿ ನೋಡಿದರೆ ಕಣ್ಣು ಬಿಡಲಾಗದ ಬಿಸಿಲು. ಚಾಮುಂಡಿ ಬೆಟ್ಟದ ಮೇಲೆ ಒಂದು ತುಂಡು ಮೋಡವೂ ಇಲ್ಲ.

"ಯಾವೂರಲ್ಲಿ ಕೂತಿದಾನೋ ಇವನು?" ಅಂದರು ಅತ್ತೆ.

ಆ ಸ್ಟೇಷನ್ ಹೆಸರು ಇಲ್ಲಿ ಬೇಡ. ಎಫ್‌ಎಂನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದ ಗೆಳೆಯನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಅವನು ನಕ್ಕ. "ಅದು ಬೆಂಗಳೂರಿನ ಲಿಂಕ್ ಕಣೋ. ಅದೂ ಲೈವ್ ಇರಲ್ಲ. ಬೆಳಗ್ಗೆ ಮೋಡ ನೋಡ್ಕೊಂಡು ರೆಕಾರ್ಡ್ ಮಾಡಿಟ್ಟಿರ್ತಾನೆ. ಬೆಂಗಳೂರಲ್ಲೂ ಮಳೆ ಬಂತೋ ಇಲ್ವೋ!" ಅಂದ.

ಇದು ಹೇಗೆ ನಡೆಯುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಇದಕ್ಕೆ ವಾಯ್ಸ್ ಟ್ರ್ಯಾಕಿಂಗ್ ಅನ್ನುತ್ತಾರೆ. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಆ ಗಂಟೆಯ ಪಟ್ಟಿ ಮೊದಲೇ ತಯಾರಿರುತ್ತದೆ. ಹಾಡು, ಹಾಡು, ಜಿಂಗಲ್, ನಾಲ್ಕೈದು ಜಾಹೀರಾತು, ಮತ್ತೆ ಹಾಡು. ನಡುನಡುವೆ ಒಂದೊಂದು ಖಾಲಿ ಜಾಗ. ಅಲ್ಲಿ ಆರ್‌ಜೆ ಆಡುವ ಮಾತಿಗೆ ಲಿಂಕ್ ಅಂತ ಹೆಸರು. ಆರ್‌ಜೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ. ಮುಗಿಯುತ್ತಿರುವ ಹಾಡಿನ ಕೊನೆಯ ಏಳೆಂಟು ಸೆಕೆಂಡ್ ಮಾತ್ರ ಕೇಳಿಸುತ್ತದೆ. ಅದರ ಬಾಲ ಹಿಡಿದು ಮಾತು ಶುರು ಮಾಡುತ್ತಾನೆ, ಅಷ್ಟರಲ್ಲಿ ಮುಂದಿನ ಹಾಡಿನ ಮ್ಯೂಸಿಕ್ ಏಳುತ್ತದೆ, ಗಾಯಕ ಬಾಯಿ ತೆರೆಯುವುದರೊಳಗೆ ಇವನು ಬಾಯಿ ಮುಚ್ಚುತ್ತಾನೆ. ಆಯಿತು. ಹಾಡು ಪೂರ್ತಿ ಕೇಳುತ್ತ ಕೂರಬೇಕಿಲ್ಲ, ನೇರ ಮುಂದಿನ ಖಾಲಿ ಜಾಗಕ್ಕೆ ಹಾರಬಹುದು. ತಡವರಿಸಿದರೆ ಅಳಿಸಿ ಮತ್ತೆ ಹೇಳಬಹುದು. ನಾಲ್ಕು ಗಂಟೆ ಕಾರ್ಯಕ್ರಮದ ಮಾತೆಲ್ಲ ಒಟ್ಟು ಹಾಕಿದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಅಷ್ಟೆ. ಉಳಿದ ಸಮಯದಲ್ಲಿ ಅದೇ ಮನುಷ್ಯ ಇನ್ನೊಂದು ಊರಿನ ಸ್ಟೇಷನ್‌ಗೂ ಮಾತಾಡಿಡಬಹುದು.

ಇದರಲ್ಲಿ ಮೋಸ ಏನೂ ಇಲ್ಲ ಅಂತ ವಾದ ಮಾಡುವವರಿದ್ದಾರೆ. ರಾತ್ರಿ ಮೂರು ಗಂಟೆಗೆ ಹಾಡು ಹಾಕಲು ಒಬ್ಬನನ್ನು ನಿದ್ದೆಗೆಡಿಸಿ ಕೂರಿಸಬೇಕಾ? ಬೇಡ, ನಾನೂ ಒಪ್ಪುತ್ತೇನೆ. ಆದರೆ ರಾತ್ರಿ ಮೂರಕ್ಕೆ ಶುರುವಾದದ್ದು ಮಧ್ಯಾಹ್ನ ಮೂರಕ್ಕೆ ಬಂತು, ಆಮೇಲೆ ಬೆಳಗ್ಗೆ ಎಂಟಕ್ಕೂ ಬಂತು.

ಊರಿನ ದನಿ ಅಂದರೆ ನನ್ನ ಪ್ರಕಾರ ಭಾಷೆಯಲ್ಲ, ಉಚ್ಚಾರಣೆಯೂ ಅಲ್ಲ. ಮಂಡ್ಯದ ಮಾತನ್ನು ಯಾವ ಊರಿನ ಸ್ಟುಡಿಯೋದಲ್ಲಿ ಕೂತು ಬೇಕಾದರೂ ಆಡಬಹುದು. ಮೈಕ್ ಮುಂದೆ ಕೂತವನಿಗೆ ಮೂರು ಸ್ವಾತಂತ್ರ್ಯ ಇರಬೇಕು. ಯಾವ ಹಾಡು ಹಾಕಬೇಕು ಅಂತ ತಾನೇ ತೀರ್ಮಾನಿಸುವುದು, ಮಾತು ಮುಗಿಯುವ ತನಕ ಮಾತಾಡುವುದು, ಮತ್ತೆ ಕಿಟಕಿಯಿಂದ ಕಂಡದ್ದನ್ನು ಹೇಳುವುದು. ನಮಗೆ ಈಗ ಕಾಣುತ್ತಿರುವುದು ಮೂರನೆಯದರ ಸಾವು. ಮೊದಲ ಎರಡು ಹೋಗಿ ಬಹಳ ಕಾಲವಾಯಿತು. ಅವು ಹೋದದ್ದಕ್ಕೇ ಮೂರನೆಯದನ್ನು ಕೀಳುವುದು ಅಷ್ಟು ಸಲೀಸಾಯಿತು.

ಈ ಕತೆ ಶುರುವಾಗುವುದು ಅಮೆರಿಕದಲ್ಲಿ. 1951ರಲ್ಲಿ ಕ್ಲೀವ್‌ಲ್ಯಾಂಡ್ ಊರಿನ ಒಂದು ಸ್ಟೇಷನ್ನಿನಲ್ಲಿ ಆಲನ್ ಫ್ರೀಡ್ ಎಂಬಾತ ರಾತ್ರಿ ಹೊತ್ತು ಕಪ್ಪು ಜನರ ರಿದಮ್ ಅಂಡ್ ಬ್ಲೂಸ್ ಹಾಡು ಹಾಕಲು ಶುರು ಮಾಡಿದ. ಬಿಳಿಯರ ಮಕ್ಕಳೂ ಕೇಳತೊಡಗಿದರು. ಆ ಕಾಲದಲ್ಲಿ ಡಿಸ್ಕ್ ಜಾಕಿಯೇ ತನ್ನ ರೆಕಾರ್ಡ್ ಆರಿಸುತ್ತಿದ್ದ, ಹಾಗಾಗಿ ಊರಿಗೊಂದು ರುಚಿ ಇತ್ತು. ಒಂದು ಊರಿನಲ್ಲಿ ಗೆದ್ದ ಹಾಡು ಪಕ್ಕದ ಊರಿಗೆ ನಿಧಾನಕ್ಕೆ ಹರಡುತ್ತಿತ್ತು. ಆದರೆ ಆಯ್ಕೆ ಯಾರ ಕೈಯಲ್ಲಿದೆಯೋ ಅವರ ಕೈ ಬಿಸಿ ಮಾಡಲು ಜನ ಬರುತ್ತಾರೆ ತಾನೆ? ರೆಕಾರ್ಡ್ ಕಂಪನಿಗಳು ಡಿಜೆಗಳಿಗೆ ದುಡ್ಡು ಕೊಡುತ್ತಿದ್ದವು. 1959-60ರಲ್ಲಿ ಇದು ದೊಡ್ಡ ಹಗರಣವಾಯಿತು, ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು. ಈ ಲಂಚಕ್ಕೆ ಪೇಯೋಲಾ ಎಂಬ ಪದ ಮನೆಮಾತಾದದ್ದು ಆಗಲೇ. ಫ್ರೀಡ್ ಕೆಲಸ ಕಳೆದುಕೊಂಡ, ತಪ್ಪೊಪ್ಪಿಕೊಂಡು ದಂಡ ಕಟ್ಟಿದ, 1965ರಲ್ಲಿ ಸತ್ತೂ ಹೋದ.

ಲಂಚ ನಿಲ್ಲಿಸಲು ಸ್ಟೇಷನ್ ಮಾಲೀಕರು ಕಂಡುಕೊಂಡ ಉಪಾಯ ಏನು ಗೊತ್ತಾ? ಡಿಜೆ ಕೈಯಿಂದ ಹಾಡಿನ ಆಯ್ಕೆಯನ್ನೇ ಕಿತ್ತು ಪ್ರೋಗ್ರಾಂ ಡೈರೆಕ್ಟರ್ ಕೈಗೆ ಕೊಟ್ಟರು. ಅಂದರೆ ನೂರು ಜನಕ್ಕೆ ಕೊಡುವ ಬದಲು ಒಬ್ಬನಿಗೆ ಕೊಟ್ಟರೆ ಸಾಕು ಅನ್ನುವ ಹಾಗಾಯಿತು, ಅದು ಬಿಡಿ. ಒಳ್ಳೆಯ ಕಾರಣಕ್ಕೆ ಮಾಡಿದ ಕೆಲಸವೇ ಮೊದಲ ಸ್ವಾತಂತ್ರ್ಯವನ್ನು ನುಂಗಿತು.

ಎರಡನೆಯದಕ್ಕೆ ಕೈ ಹಾಕಿದವನು ಬಿಲ್ ಡ್ರೇಕ್. 1965ರಲ್ಲಿ ಲಾಸ್ ಏಂಜಲಿಸ್‌ನ ಕೆಎಚ್‌ಜೆ ಸ್ಟೇಷನ್ನಿನಲ್ಲಿ ಅವನು ತಂದ ಪದ್ಧತಿ ಇಷ್ಟೇ: ಹಾಡಿನ ಪಟ್ಟಿ ಚಿಕ್ಕದಾಗಿರಲಿ, ಮಾತು ಸೆಕೆಂಡುಗಳಲ್ಲಿ ಮುಗಿಯಲಿ, ಸ್ಟೇಷನ್ ಹೆಸರು ಮತ್ತೆ ಮತ್ತೆ ಬರಲಿ. ಕೇಳುಗರು ಮುಗಿಬಿದ್ದರು. ಇದನ್ನು ಮುಚ್ಚಿಡಬಾರದು, ಜನಕ್ಕೆ ಅದು ನಿಜವಾಗಿ ಇಷ್ಟವಾಯಿತು. ಹರಟೆ ಹೊಡೆಯುವ ಡಿಜೆಗಳಲ್ಲಿ ಎಲ್ಲರೂ ಜಾಣರೇನಾಗಿರಲಿಲ್ಲ, ಕೊರೆಯುವವರೂ ಬೇಕಾದಷ್ಟಿದ್ದರು. ಆ ಪದ್ಧತಿ ಊರಿಂದೂರಿಗೆ ನಕಲಾಯಿತು. 1979ರಲ್ಲಿ ಆರ್‌ಸಿಎಸ್ ಎಂಬ ಕಂಪನಿ ಸೆಲೆಕ್ಟರ್ ಅನ್ನುವ ಸಾಫ್ಟ್‌ವೇರ್ ತಂದ ಮೇಲೆ ಯಾವ ಹಾಡು ಎಷ್ಟು ಗಂಟೆಗೊಮ್ಮೆ ಬರಬೇಕು, ಎರಡು ನಿಧಾನದ ಹಾಡು ಒಟ್ಟಿಗೆ ಬರಬಾರದು, ಒಬ್ಬನೇ ಗಾಯಕ ಬೆನ್ನುಬೆನ್ನಿಗೆ ಬರಬಾರದು, ಇದನ್ನೆಲ್ಲ ಕಂಪ್ಯೂಟರೇ ನೋಡಿಕೊಂಡಿತು. ಬೆಳಗ್ಗೆ ಒಂದು ಚಾನೆಲ್‌ನಲ್ಲಿ ಕೇಳಿದ ಹಾಡು ಸಂಜೆ ಆಫೀಸಿನಿಂದ ಬರುವಾಗ ಅದೇ ಚಾನೆಲ್‌ನಲ್ಲಿ ಮತ್ತೆ ಸಿಗುತ್ತದಲ್ಲ, ಅದು ಕಾಕತಾಳೀಯ ಅಲ್ಲ.

ಇಷ್ಟಾದರೂ ಊರಿಗೊಂದು ಸ್ಟೇಷನ್, ಸ್ಟೇಷನ್ನಿಗೊಬ್ಬ ಮಾಲೀಕ, ಮೈಕ್ ಮುಂದೆ ಆ ಊರಿನಲ್ಲೇ ಹಾಲು ತರಕಾರಿ ಕೊಳ್ಳುವ ಒಬ್ಬ ಮನುಷ್ಯ ಉಳಿದಿದ್ದ. ಅದಕ್ಕೆ ಕಾರಣ ಕಾನೂನು. ಅಮೆರಿಕದಲ್ಲಿ ಒಂದು ಕಂಪನಿ ದೇಶದಾದ್ಯಂತ 40ಕ್ಕಿಂತ ಜಾಸ್ತಿ ರೇಡಿಯೋ ಸ್ಟೇಷನ್ ಇಟ್ಟುಕೊಳ್ಳುವ ಹಾಗಿರಲಿಲ್ಲ. 1996ರ ಫೆಬ್ರುವರಿಯಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಆ ಮಿತಿಯನ್ನು ತೆಗೆದುಹಾಕಿತು. ದೊಡ್ಡ ನಗರಗಳಲ್ಲಿ ಒಂದೇ ಕಂಪನಿ ಎಂಟು ಸ್ಟೇಷನ್ ತನಕ ಇಟ್ಟುಕೊಳ್ಳಬಹುದು ಅಂತಾಯಿತು. ಆಮೇಲೆ ಸಂತೆಯಲ್ಲಿ ದನ ಕೊಂಡ ಹಾಗೆ ಸ್ಟೇಷನ್ ಕೊಂಡರು. ಆಗ ಸುಮಾರು 40 ಸ್ಟೇಷನ್ ಇದ್ದ ಕ್ಲಿಯರ್ ಚಾನೆಲ್ ಕಂಪನಿ ಕೆಲವೇ ವರ್ಷಗಳಲ್ಲಿ 1,200 ದಾಟಿತು. ದಾರಿಯಲ್ಲಿ ಅದು ನುಂಗಿದ ಕಂಪನಿಗಳಲ್ಲಿ ಕ್ಯಾಪ್‌ಸ್ಟಾರ್ ಅಂತ ಒಂದಿತ್ತು. ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿ ಕೆಲವು ಆರ್‌ಜೆಗಳನ್ನು ಕೂರಿಸಿಕೊಂಡು ದೂರದೂರದ ಊರುಗಳ ಸ್ಟೇಷನ್‌ಗಳಿಗೆ ಮಾತು ರೆಕಾರ್ಡ್ ಮಾಡಿ ಕಳಿಸುವ ಕಾರ್ಖಾನೆ ನಡೆಸಿದ್ದು ಆ ಕಂಪನಿ.

ಕೊಳ್ಳಲು ದುಡ್ಡು ಎಲ್ಲಿಂದ ಬಂತು? ಸಾಲ. ಇದು ಈ ಕತೆಯಲ್ಲಿ ಜನ ಮರೆಯುವ ಭಾಗ. 2008ರಲ್ಲಿ ಎರಡು ಹೂಡಿಕೆ ಸಂಸ್ಥೆಗಳು ಕ್ಲಿಯರ್ ಚಾನೆಲ್ ಕಂಪನಿಯನ್ನೇ ಕೊಂಡವು, ಕೊಳ್ಳಲು ಮಾಡಿದ ಸಾಲವನ್ನು ಆ ಕಂಪನಿಯ ತಲೆಗೇ ಕಟ್ಟಿದವು. ಐಹಾರ್ಟ್‌ಮೀಡಿಯಾ ಅಂತ ಹೆಸರು ಬದಲಾಯಿಸಿಕೊಂಡ ಅದೇ ಕಂಪನಿ 2018ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ ಸಾಲ ಸುಮಾರು 20 ಬಿಲಿಯನ್ ಡಾಲರ್ ಇತ್ತು. ಇಂಥ ಸಾಲದ ಬಡ್ಡಿ ಕಟ್ಟುವವನು ಖರ್ಚು ಎಲ್ಲಿ ಕಡಿಯುತ್ತಾನೆ ಹೇಳಿ. ಟವರ್ ಕಡಿಯಲು ಆಗಲ್ಲ, ಕರೆಂಟ್ ಬಿಲ್ ಬಿಡಲು ಆಗಲ್ಲ, ಹಾಡಿನ ರಾಯಲ್ಟಿ ತಪ್ಪಿಸಲು ಆಗಲ್ಲ. ಉಳಿಯುವುದು ಸಣ್ಣ ಊರಿನ ಸಂಬಳಗಳು. 2020ರ ಜನವರಿಯಲ್ಲಿ ಆ ಕಂಪನಿ ಒಂದೇ ಏಟಿಗೆ ನೂರಾರು ಜನರನ್ನು ಮನೆಗೆ ಕಳಿಸಿತು. ತಮ್ಮ ಆರ್‌ಜೆಯನ್ನು ಕಳೆದುಕೊಂಡ ಊರುಗಳಲ್ಲಿ ಆ ಚಾನೆಲ್ ಈಗಲೂ ಬರುತ್ತದೆ, ಹಾಡೂ ಬರುತ್ತದೆ.

ಊರಿನ ಕಿಟಕಿ ಮುಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದವರು ಪದೇ ಪದೇ ಹೇಳುವ ಒಂದು ಘಟನೆ ಇದೆ. ನಾರ್ತ್ ಡಕೋಟಾದ ಮೈನಾಟ್, ಸುಮಾರು 36 ಸಾವಿರ ಜನರ ಊರು. 2002ರ ಜನವರಿ 18, ಕೊರೆಯುವ ಚಳಿ, ರಾತ್ರಿ ಒಂದೂವರೆ ದಾಟಿತ್ತು. ಗೂಡ್ಸ್ ರೈಲೊಂದು ಊರ ಪಕ್ಕದಲ್ಲೇ ಹಳಿ ತಪ್ಪಿತು. ಬೋಗಿಗಳಲ್ಲಿದ್ದ ಅಮೋನಿಯಾ ಬಿಳಿ ಮೋಡದ ಹಾಗೆ ಮನೆಗಳ ಮೇಲೆ ಹರಡಿತು. ಜನ ಕತ್ತಲಲ್ಲಿ ರೇಡಿಯೋ ಹಾಕಿದರೆ ಹಾಡು ಬರುತ್ತಿತ್ತು. ಊರಿನ ಆರೂ ವಾಣಿಜ್ಯ ಸ್ಟೇಷನ್‌ಗಳ ಮಾಲೀಕ ಕ್ಲಿಯರ್ ಚಾನೆಲ್. ಎಚ್ಚರಿಕೆ ತಕ್ಷಣ ಗಾಳಿಗೆ ಹೋಗಲಿಲ್ಲ. ಒಬ್ಬರು ಸತ್ತರು, 300ಕ್ಕೂ ಹೆಚ್ಚು ಜನಕ್ಕೆ ಪೆಟ್ಟಾಯಿತು.

ನ್ಯಾಯವಾಗಿ ಹೇಳಬೇಕೆಂದರೆ ಇದು ಕೇಳಿದಷ್ಟು ಸರಳ ಅಲ್ಲ. ಸ್ಟೇಷನ್ನಿನಲ್ಲಿ ಒಬ್ಬ ಇದ್ದ, ಊರಿನವರ ಕರೆಗಳಿಂದ ಫೋನ್ ಲೈನ್ ತುಂಬಿಹೋಗಿತ್ತು ಅಂತ ಕಂಪನಿ ಹೇಳಿತು. ಪೊಲೀಸರ ಕಡೆಯ ತುರ್ತು ಎಚ್ಚರಿಕೆ ಯಂತ್ರವೇ ಸರಿಯಾಗಿ ಜೋಡಣೆಯಾಗಿರಲಿಲ್ಲ ಅಂತಲೂ ಬಂತು. ಇರಬಹುದು. ಆದರೆ ಆರು ಸ್ಟೇಷನ್‌ಗೆ ಆರು ಮಾಲೀಕರು, ಆರು ಕಡೆ ಒಬ್ಬೊಬ್ಬರಾದರೂ ಎಚ್ಚರ ಇದ್ದ ಕಾಲದಲ್ಲಿ ಒಂದು ಫೋನ್ ಸಿಗದಿದ್ದರೆ ಇನ್ನೊಂದು ಸಿಗುತ್ತಿತ್ತು. ಅದೂ ಸಿಗದಿದ್ದರೆ ಒಬ್ಬನಿಗೆ ಮೂಗಿಗೇ ವಾಸನೆ ಬಡಿಯುತ್ತಿತ್ತು.

ಬ್ರಿಟನ್ನಿನಲ್ಲಿ ಇದೇ ಕೆಲಸ ಸದ್ದಿಲ್ಲದೆ, ಸರ್ಕಾರಿ ಕಾಗದದ ಮೂಲಕ ಆಯಿತು. ಹಗಲು ಹೊತ್ತು ಏಳು ಗಂಟೆ ಕಾಲ ಸ್ಥಳೀಯ ಕಾರ್ಯಕ್ರಮ ಇರಬೇಕು ಅಂತಿದ್ದ ನಿಯಮವನ್ನು 2018ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಮೂರು ಗಂಟೆಗೆ ಇಳಿಸಿತು. ಮರುವರ್ಷವೇ ಗ್ಲೋಬಲ್ ಕಂಪನಿ ತನ್ನ ಕ್ಯಾಪಿಟಲ್, ಹಾರ್ಟ್ ಚಾನೆಲ್‌ಗಳ ಊರೂರಿನ ಬೆಳಗಿನ ಕಾರ್ಯಕ್ರಮ ನಿಲ್ಲಿಸಿ ಲಂಡನ್ನಿನಿಂದ ಒಂದೇ ಕಾರ್ಯಕ್ರಮ ಶುರು ಮಾಡಿತು. ನಿಯಮ ಪೂರ್ತಿ ಸಡಿಲವಾದ ಮೇಲೆ 2025ರಲ್ಲಿ ಇಂಗ್ಲೆಂಡಿನಲ್ಲಿ ಆ ಕಂಪನಿ ಉಳಿಸಿಕೊಂಡಿದ್ದ ಚೂರುಪಾರೂ ಹೋಯಿತು.

ಈಗ ನಮ್ಮ ಕಡೆ ಬರೋಣ. ಇಲ್ಲಿ ಕತೆ ತಿರುವುಮುರುವು. ಅಮೆರಿಕದಲ್ಲಿ ಊರಿನ ರೇಡಿಯೋ ಮೊದಲಿತ್ತು, ಆಮೇಲೆ ಹೋಯಿತು. ನಮ್ಮಲ್ಲಿ ಅದು ಸರಿಯಾಗಿ ಬರಲೇ ಇಲ್ಲ, ಬಂದದ್ದೂ ಕಂತಿನಲ್ಲಿ ಬಂತು.

ತಮಾಷೆ ನೋಡಿ, ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದೇ ಒಬ್ಬ ವ್ಯಕ್ತಿಯ ಮನೆಯಲ್ಲಿ, ಅದೂ ನಮ್ಮ ಅತ್ತೆಯ ಊರಿನಲ್ಲಿ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದ ಪ್ರಸಾರ ಶುರು ಮಾಡಿದರು. ಮೊದಲ ಟ್ರಾನ್ಸ್‌ಮಿಟರ್ 30 ವಾಟ್, ಅಂದರೆ ನಮ್ಮ ಹಳೇ ಬಲ್ಬಿಗಿಂತ ಕಡಿಮೆ. ಇದಕ್ಕಿಂತ ಊರಿನ ರೇಡಿಯೋ ಬೇಕಾ? 1942ರಲ್ಲಿ ಅದು ಮೈಸೂರು ಸಂಸ್ಥಾನದ ಕೈಗೆ ಹೋಯಿತು, ಹೆಸರನ್ನು ಮುಂದೆ ಇಡೀ ದೇಶದ ರೇಡಿಯೋ ಎತ್ತಿಕೊಂಡಿತು. ಸರ್ಕಾರಿ ಆಕಾಶವಾಣಿಯಲ್ಲಿ ಉದ್ಘೋಷಕರು ತಮ್ಮ ಬಗ್ಗೆ ಮಾತಾಡುವ ಹಾಗಿರಲಿಲ್ಲ. 1952ರಲ್ಲಿ ಮಂತ್ರಿ ಬಿ.ವಿ. ಕೇಸ್ಕರ್ ಸಿನಿಮಾ ಹಾಡನ್ನೂ ದೂರ ಇಟ್ಟರು. ಜನ ರೇಡಿಯೋ ಸಿಲೋನ್‌ಗೆ ತಿರುಗಿಸಿಕೊಂಡು ಅಲ್ಲಿ ಹಾಡು ಹಾಕುತ್ತಿದ್ದ ನಿರೂಪಕ ಅಮೀನ್ ಸಯಾನಿ ದನಿ ಹಿಡಿದರು. ಒಬ್ಬ ವ್ಯಕ್ತಿಯ ದನಿಗಾಗಿ ಇಡೀ ದೇಶ ಪಕ್ಕದ ದೇಶದ ಸ್ಟೇಷನ್ ಹುಡುಕಿತು. ಆ ಕೇಳುಗರನ್ನು ಮರಳಿ ಸೆಳೆಯಲು 1957ರಲ್ಲಿ ಆಕಾಶವಾಣಿಯ ವಿವಿಧ ಭಾರತಿ ಬರಬೇಕಾಯಿತು.

ಖಾಸಗಿ ಎಫ್‌ಎಂ ಶುರುವಾದದ್ದೂ ನಮ್ಮಲ್ಲೇ. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ, ದೇಶದ ಮೊದಲ ಖಾಸಗಿ ಎಫ್‌ಎಂ. ಆಗ ಅದು ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲ ಕಲಸಿದ ಚಿತ್ರಾನ್ನ. ಮೊದಲ ಸುತ್ತಿನ ಹರಾಜಿನಲ್ಲಿ ಸರ್ಕಾರ ಇಟ್ಟ ಷರತ್ತು ವಿಚಿತ್ರವಾಗಿತ್ತು. ಹರಾಜಿನಲ್ಲಿ ಕೂಗಿದ ಲೈಸೆನ್ಸ್ ಫೀಸು ಪ್ರತಿ ವರ್ಷ 15 ಪರ್ಸೆಂಟ್ ಏರುತ್ತಾ ಹೋಗುತ್ತಿತ್ತು, ಆದಾಯ ಬರಲಿ ಬಿಡಲಿ. 108 ಚಾನೆಲ್ ಹರಾಜಿಗಿಟ್ಟರೂ ಇಪ್ಪತ್ತು ಚಿಲ್ಲರೆ ಮಾತ್ರ ಶುರುವಾದವು. 2005ರ ಎರಡನೇ ಸುತ್ತಿನಲ್ಲಿ ಆದಾಯದ 4 ಪರ್ಸೆಂಟ್ ಕೊಟ್ಟರೆ ಸಾಕು ಅಂತ ಬದಲಾಯಿಸಿದ ಮೇಲೆ ಬೆಂಗಳೂರಿನಲ್ಲಿ ಒಂದರ ಹಿಂದೊಂದು ಚಾನೆಲ್ ಬಂತು. ಪೈಪೋಟಿ ಹೆಚ್ಚಾದಾಗ ಎಲ್ಲರಿಗೂ ಒಂದು ವಿಷಯ ಹೊಳೆಯಿತು: ಆಟೋದಲ್ಲಿ, ಗ್ಯಾರೇಜಿನಲ್ಲಿ, ಹೋಟೆಲ್ ಗಲ್ಲಾದ ಪಕ್ಕ ರೇಡಿಯೋ ಹಾಕುವವರು ಕೇಳುವುದು ಕನ್ನಡ. ಕನ್ನಡದ ಹೊಸ ಹಾಡುಗಳಿಗೂ ಆಗ ಕಳೆ ಬಂದಿತ್ತು. ಬೆಂಗಳೂರಿನ ಎಫ್‌ಎಂ ಕನ್ನಡವಾದದ್ದು ಮುಖ್ಯವಾಗಿ ವ್ಯಾಪಾರದಿಂದ. ಈ ಒಂದು ವಿಷಯದಲ್ಲಿ ಮಾರುಕಟ್ಟೆಗೆ ನಾನು ಋಣಿ.

ಆದರೆ ಭಾಷೆ ಬಂದರೆ ಊರು ಬಂದ ಹಾಗಲ್ಲ ಅಂತ ಆಗಲೇ ಹೇಳಿದೆನಲ್ಲ. ರೇಡಿಯೋ ಮಿರ್ಚಿಯವರ "ಸಖತ್ ಹಾಟ್ ಮಗಾ" ನೆನಪಿದೆಯಾ? ಆ "ಮಗಾ" ಅಪ್ಪಟ ಬೆಂಗಳೂರು. ಆದರೆ ಮೂಲ ಮಸಾಲೆ ಇಡೀ ದೇಶದ್ದು: ಹೆಸರೇ ಮೆಣಸಿನಕಾಯಿ, ಎಲ್ಲ ಊರಿನಲ್ಲೂ ಅದು "ಹಾಟ್". ರೇಡಿಯೋ ಸಿಟಿಯ ಲವ್ ಗುರು ಕೂಡ ಹಾಗೇ, ಊರೂರಿಗೆ ಒಬ್ಬೊಬ್ಬ ಲವ್ ಗುರು. ಮನುಷ್ಯ ಬದಲಾದರೂ ಹೆಸರು ಬದಲಾಗುವುದಿಲ್ಲ. ಕಂಪನಿಗಳಿಗೆ ಇದೇ ಇಷ್ಟ. ಪಾತ್ರ ಕಂಪನಿಯದ್ದು, ಅದು ಸಂಬಳ ಜಾಸ್ತಿ ಕೇಳಲ್ಲ, ಪಕ್ಕದ ಚಾನೆಲ್‌ಗೆ ಹಾರಿಹೋಗಲ್ಲ. ನಿಜವಾದ ವ್ಯಕ್ತಿತ್ವ ಇರುವವನು ಎರಡನ್ನೂ ಮಾಡುತ್ತಾನೆ. ಫೀವರ್ 104ರಲ್ಲಿ ಡ್ಯಾನಿಶ್ ಸೇಟ್ ಫೋನ್ ಮಾಡಿ ಜನರನ್ನು ಗೋಳುಹೊಯ್ದುಕೊಳ್ಳುತ್ತಾ ಕಟ್ಟಿದ ನೋಗ್‌ರಾಜ್ ಬೆಂಗಳೂರಿನಲ್ಲಲ್ಲದೆ ಬೇರೆಲ್ಲೂ ಹುಟ್ಟಲು ಸಾಧ್ಯವಿಲ್ಲದ ರಾಜಕಾರಣಿ. ಆ ಪಾತ್ರ ರೇಡಿಯೋದಲ್ಲಿ ಉಳಿಯಿತಾ? ಇಲ್ಲ, ಸಿನಿಮಾಕ್ಕೆ ಹೋಯಿತು. ಊರಿನ ಮಾತನ್ನು ಚೆನ್ನಾಗಿ ಆಡುವ ಹುಡುಗ ಹುಡುಗಿಯರಿಗೆ ಇವತ್ತು ಇನ್‌ಸ್ಟಾಗ್ರಾಂ ಇದೆ, ಯೂಟ್ಯೂಬ್ ಇದೆ. ಅಲ್ಲಿ 40 ಸೆಕೆಂಡಿಗೆ ಬಾಯಿ ಮುಚ್ಚು ಅನ್ನುವ ಪ್ರೋಗ್ರಾಮಿಂಗ್ ಹೆಡ್ ಇಲ್ಲ.

ಇನ್ನು ನಮ್ಮಲ್ಲಿರುವ ಒಂದು ಬೀಗ: ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಹೇಳುವ ಹಾಗಿಲ್ಲ. ಮೂರನೇ ಸುತ್ತಿನ ನೀತಿ 2011ರಲ್ಲಿ ಬಂದಾಗ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಹಾಕಬಹುದು ಅಂದರು. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ನೀರು-ಕರೆಂಟಿನ ಪ್ರಕಟಣೆ ಸುದ್ದಿಯಲ್ಲ ಅಂತ ಬಿಟ್ಟುಕೊಟ್ಟರು. ಹಾಗಾಗಿ ನಮ್ಮ ಆರ್‌ಜೆ ಸಿಲ್ಕ್ ಬೋರ್ಡ್‌ನಲ್ಲಿ ಜಾಮ್ ಆಗಿದೆ ಅಂತ ಧಾರಾಳವಾಗಿ ಹೇಳಬಹುದು. ಯಾಕೆ ಆಗಿದೆ, ರಸ್ತೆ ಅಗೆದವರು ಯಾರು, ಟೆಂಡರ್ ಯಾರಿಗೆ ಹೋಯಿತು ಅಂತ ವರದಿ ಮಾಡುವ ಹಾಗಿಲ್ಲ. ಕಿಟಕಿ ತೆರೆದಿದೆ, ಆದರೆ ಅರ್ಧಕ್ಕೆ ಪರದೆ. ಅದಕ್ಕೇ ನಮ್ಮ ಎಫ್‌ಎಂನಲ್ಲಿ ಊರು ಅಂದರೆ ಟ್ರಾಫಿಕ್, ಮಳೆ, ಬಜ್ಜಿ. ಸುರಕ್ಷಿತ ವಿಷಯಗಳು ಅಷ್ಟೇ.

ಅದೇ ನೀತಿಯಲ್ಲಿ ಇನ್ನೊಂದು ಸಾಲು ಇತ್ತು. ಮೊದಲು ಒಂದು ಕಂಪನಿಯ ಸಣ್ಣ ಊರಿನ ಸ್ಟೇಷನ್‌ಗಳು ಮಾತ್ರ ತಮ್ಮ ನಡುವೆ ಕಾರ್ಯಕ್ರಮ ಹಂಚಿಕೊಳ್ಳಬಹುದಿತ್ತು. ಈಗ ಆ ಕಂಪನಿಯ ಎಲ್ಲ ಊರಿನ ಸ್ಟೇಷನ್‌ಗಳೂ ಹಂಚಿಕೊಳ್ಳಬಹುದು ಅಂತಾಯಿತು. ಅತ್ತೆಯ ಹಪ್ಪಳದ ಕತೆ ಹೊರಟದ್ದು ಆ ಸಾಲಿನಿಂದ. ಯಾಕಂದರೆ ದೊಡ್ಡ ಜಾಹೀರಾತು ಕೊಡುವ ಸೋಪು, ಮೊಬೈಲ್, ಬ್ಯಾಂಕಿನವರು ಹತ್ತಾರು ಊರನ್ನು ಒಟ್ಟಿಗೆ ಕೊಳ್ಳುತ್ತಾರೆ. ಅವರಿಗೆ ಮೈಸೂರಿನ ಆರ್‌ಜೆ ಯಾರು ಅನ್ನುವುದು ಲೆಕ್ಕಕ್ಕಿಲ್ಲ. ಆ ಊರಿನ ಸೀರೆ ಅಂಗಡಿಯವನಿಗೆ, ಟ್ಯೂಷನ್ ಸೆಂಟರಿನವನಿಗೆ ಲೆಕ್ಕಕ್ಕಿದೆ, ಆದರೆ ಅವನು ಕೊಡುವ ದುಡ್ಡು ಚಿಕ್ಕದು.

ಕೇಳುಗರ ಲೆಕ್ಕ ಹಾಕುವ ರೀತಿಯೂ ಹಾಗೇ ಇತ್ತು. 2007ರಲ್ಲಿ ಶುರುವಾದ ರ‍್ಯಾಮ್ ಸಮೀಕ್ಷೆ ನೋಡುತ್ತಿದ್ದದ್ದು ಬೆಂಗಳೂರು, ಮುಂಬೈ, ದೆಹಲಿ, ಕೋಲ್ಕತ್ತದಂಥ ನಗರಗಳನ್ನು ಮಾತ್ರ. ಆಯ್ದ ಮನೆಗಳಿಗೆ ಒಂದು ಡೈರಿ ಕೊಡುತ್ತಿದ್ದರು, ಯಾವ ಹೊತ್ತಿಗೆ ಯಾವ ಸ್ಟೇಷನ್ ಕೇಳಿದಿರಿ ಅಂತ ನೀವೇ ಬರೆಯಬೇಕು. ಬರೆಯುವಾಗ ನೆನಪಿಗೆ ಬರುವುದು ಯಾರು ಜಾಸ್ತಿ ಸಲ ಹೆಸರು ಕೂಗಿದರೋ ಅವರು ತಾನೆ? ಎಫ್‌ಎಂನವರು ಎರಡು ನಿಮಿಷಕ್ಕೊಮ್ಮೆ ತಮ್ಮ ಹೆಸರು, ನಂಬರು ಕೂಗಲು ಇದೂ ಒಂದು ಕಾರಣ. ಮೈಸೂರು ಆ ಲೆಕ್ಕದಲ್ಲೇ ಇರಲಿಲ್ಲ.

ಲಿಂಕಿನಲ್ಲಿ ಉಳಿದ 40 ಸೆಕೆಂಡೂ ಈಗ ಪೂರ್ತಿ ಆರ್‌ಜೆಯದ್ದಲ್ಲ. ಆರ್‌ಜೆ ಮೆನ್ಷನ್ ಅನ್ನುವ ಸರಕಿದೆ. ಆರ್‌ಜೆ ತನ್ನ ಸ್ವಂತ ಮಾತಿನ ಹಾಗೆ, "ನಮ್ಮಮ್ಮ ಹೇಳ್ತಿದ್ರು..." ಅಂತ ಶುರು ಮಾಡಿ ಒಂದು ಎಣ್ಣೆ ಬ್ರ್ಯಾಂಡಿಗೆ ತಂದು ಮುಟ್ಟಿಸಬೇಕು. ಮಾಮೂಲಿ ಜಾಹೀರಾತಿಗಿಂತ ಇದಕ್ಕೆ ಬೆಲೆ ಜಾಸ್ತಿ, ಯಾಕಂದರೆ ಮಾರಾಟ ಆಗುತ್ತಿರುವುದು ಆ ದನಿಯ ಮೇಲಿನ ನಂಬಿಕೆ. ಕೇಳುವವರಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದಾರೆ. ಅತ್ತೆ "ಬಂತು ನೋಡು ಎಣ್ಣೆ" ಅನ್ನುತ್ತಾರೆ, ಅವನಮ್ಮನ ಹೆಸರು ಬಂದ ಕೂಡಲೇ.

ನನಗೆ ಅರ್ಥವಾಗದ ಲೆಕ್ಕಾಚಾರ ಒಂದಿದೆ. ಹಾಡು ಈಗ ಎಲ್ಲರ ಜೇಬಿನಲ್ಲೂ ಇದೆ. ಫೋನಿಗೆ ಹೇಳಿದರೆ ಬೇಕಾದ ಹಾಡು, ಬೇಕಾದಾಗ. ರೇಡಿಯೋ ಹತ್ತಿರ ಇದ್ದು ಫೋನಿನ ಹತ್ತಿರ ಇಲ್ಲದ್ದು ಒಂದೇ, ಹಾಡುಗಳ ನಡುವೆ ನಿಮ್ಮೂರಿನವನೊಬ್ಬ ಆಡುವ ಮಾತು. ಖರ್ಚು ಕಡಿಯಲು ಹೊರಟವರು ಮೊದಲು ಕಡಿದದ್ದೇ ಅದನ್ನು. ಇಡ್ಲಿ ಹೋಟೆಲಿನವನು ನಷ್ಟ ಅಂತ ಚಟ್ನಿ ನಿಲ್ಲಿಸಿದ ಹಾಗೆ.

ಈಗ ಆ ರೆಕಾರ್ಡ್ ಮಾಡುವ ಮನುಷ್ಯನೂ ಬೇಡ ಅನ್ನುವ ಹಂತ. 2024ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ಆಫ್ ರೇಡಿಯೋ ಕ್ರಾಕೋವ್ ಮೂರು ಎಐ ನಿರೂಪಕರನ್ನು ತಂದು, ತೀರಿಕೊಂಡಿದ್ದ ಕವಯಿತ್ರಿ ಶಿಂಬೋರ್ಸ್ಕಾ ಜೊತೆ ಒಂದು ನಕಲಿ ಸಂದರ್ಶನವನ್ನೂ ಮಾಡಿಸಿತು. ಜನ ಉಗಿದರು, ವಾರದಲ್ಲೇ ಪ್ರಯೋಗ ನಿಂತಿತು. ಆಸ್ಟ್ರೇಲಿಯಾದ ಕಾಡಾ ಸ್ಟೇಷನ್ನಿನಲ್ಲಿ ಥೈ ಎಂಬಾಕೆ ತಿಂಗಳುಗಟ್ಟಲೆ ಕಾರ್ಯಕ್ರಮ ನಡೆಸಿದ ಮೇಲೆ, 2025ರಲ್ಲಿ, ಅದು ಯಂತ್ರದ ದನಿ ಅಂತ ಬಯಲಾಯಿತು. ಅಷ್ಟು ತಿಂಗಳು ಗೊತ್ತಾಗದೇ ಹೋದದ್ದಕ್ಕೆ ಎಐ ಅಷ್ಟೊಂದು ಚೆನ್ನಾಗಿದ್ದದ್ದು ಕಾರಣವೋ, ಅದಕ್ಕೂ ಮುಂಚೆ ಅಲ್ಲಿದ್ದ ಮನುಷ್ಯರ ಮಾತನ್ನು ಅಷ್ಟು ಸವರಿ ಸಪಾಟು ಮಾಡಿಟ್ಟಿದ್ದದ್ದು ಕಾರಣವೋ? ನನ್ನ ಅನುಮಾನ ಎರಡನೆಯದರ ಮೇಲೆ.

ಕಿಟಕಿ ಇನ್ನೂ ತೆರೆದಿರುವ ಜಾಗಗಳಿವೆ. ಮಡಿಕೇರಿ ಆಕಾಶವಾಣಿಯಲ್ಲಿ ಕೊಡವ, ಅರೆಭಾಷೆ ಕೇಳುತ್ತದೆ, ಮಂಗಳೂರಿನಲ್ಲಿ ತುಳು, ಕೊಂಕಣಿ. ಯಾವ ಜಾಹೀರಾತು ಏಜೆನ್ಸಿಯ ಲೆಕ್ಕದಲ್ಲೂ ಕೊಡವ ಭಾಷೆಗೆ ಒಂದು ಗಂಟೆ ಕೊಡುವುದು ಲಾಭ ಅಂತ ಬರುವುದಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ನಮ್ಮ ಧ್ವನಿ ಕತೆ ಇನ್ನೂ ಚೆನ್ನಾಗಿದೆ. 2000ದ ದಶಕದ ಶುರುವಿನಲ್ಲಿ ಹಳ್ಳಿಯವರು ಸ್ಟುಡಿಯೋ ಮಾಡಿಕೊಂಡರು, ಆದರೆ ಗಾಳಿಯಲ್ಲಿ ಪ್ರಸಾರ ಮಾಡಲು ಕಾನೂನು ಬಿಡಲಿಲ್ಲ. ಅವರು ಸುಮ್ನೆ ಕೂರಲಿಲ್ಲ, ಟಿವಿ ಕೇಬಲ್ ತಂತಿಯಲ್ಲಿ ಮನೆಮನೆಗೆ ರೇಡಿಯೋ ಕಳಿಸಿದರು. ಇಂಥ ಗುಂಪುಗಳಿಗೆ ಸಮುದಾಯ ರೇಡಿಯೋ ಲೈಸೆನ್ಸ್ ಸಿಗುವ ನೀತಿ ಬಂದದ್ದು 2006ರಲ್ಲಿ. ಅದರಲ್ಲಿ ಕಾರ್ಯಕ್ರಮದ ಅರ್ಧವಾದರೂ ಆ ಊರಿನವರೇ ಸೇರಿ ಮಾಡಿದ್ದಿರಬೇಕು ಅನ್ನುವ ಷರತ್ತಿದೆ. ವಾಣಿಜ್ಯ ಎಫ್‌ಎಂಗೆ ಇಂಥದ್ದರಲ್ಲಿ ಕಾಲು ಭಾಗ ಹಾಕಿದ್ದರೂ ಆಗುತ್ತಿತ್ತು.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಎಫ್‌ಎಂ ಚಾನೆಲ್ ಹರಾಜಿಗೆ ಒಪ್ಪಿಗೆ ಕೊಟ್ಟಿದೆ. ಮಾತೃಭಾಷೆಯಲ್ಲಿ ಸ್ಥಳೀಯ ಕಾರ್ಯಕ್ರಮ ಹೆಚ್ಚುತ್ತದೆ ಅಂತ ಹೇಳಿದ್ದಾರೆ. ನಿಮ್ಮೂರಿಗೂ ಒಂದು ಬಂದರೆ ಅದರ ಆರ್‌ಜೆ ಎಲ್ಲಿ ಕೂತಿದ್ದಾನೆ ಅಂತ ಪತ್ತೆ ಮಾಡುವುದು ಕಷ್ಟ ಅಲ್ಲ. ರೆಕಾರ್ಡ್ ಆದವನು "ಸಂಜೆ" ಅನ್ನುತ್ತಾನೆ, "ಐದು ಇಪ್ಪತ್ತು" ಅನ್ನುವುದಿಲ್ಲ. ಬೀದಿಯ ಹೆಸರು ಹೇಳುವುದಿಲ್ಲ, "ಸಿಟಿಯಲ್ಲಿ" ಅನ್ನುತ್ತಾನೆ. ಕೆಮ್ಮುವುದಿಲ್ಲ. ಕೇಳುಗರ ಹೆಸರು ಹೇಳಿದರೂ ಅವರ ಜೊತೆ ಮಾತಾಡುವುದಿಲ್ಲ. ಇದರಲ್ಲಿ ಮೊದಲನೆಯದನ್ನು ಹೇಳಿಕೊಟ್ಟದ್ದು ಅತ್ತೆಯೇ. ಅವತ್ತು ತಾರಸಿಯಿಂದ ಇಳಿದು ಬಂದು ಕೂತವರು ಸ್ವಲ್ಪ ಹೊತ್ತು ರೇಡಿಯೋ ನೋಡುತ್ತಿದ್ದು, "ಇವನು ಟೈಮೇ ಹೇಳಲ್ಲ ನೋಡು" ಅಂದರು. ಸಂಸ್ಕೃತ ವಾರ್ತೆ ಶುರುವಾದರೆ 6:55 ಅಂತ ಲೆಕ್ಕ ಹಾಕಿ ಮೂರು ಮಕ್ಕಳನ್ನು ಸ್ಕೂಲಿಗೆ ಕಳಿಸಿದವರು ಅವರು.

ಹಪ್ಪಳ ಇನ್ನೊಂದು ಗಂಟೆ ಬಿಸಿಲು ಕಾಯಲಿ ಅಂತ ಮೇಲೇ ಬಿಟ್ಟಿದ್ದೆವು. ಐದೂಮುಕ್ಕಾಲಿಗೆ ಗಾಳಿ ಎದ್ದಿತು, ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ದಪ್ಪ ದಪ್ಪ ಹನಿ. ರೇಡಿಯೋದಲ್ಲಿ ಅವನು ಆಗ ಮೊದಲ ಪ್ರೀತಿ ಬಗ್ಗೆ ಏನೋ ಹೇಳುತ್ತಿದ್ದ. ನಾವು ಓಡಿ ಹೋಗುವ ಹೊತ್ತಿಗೆ ಎರಡು ಸೀರೆಯ ಹಪ್ಪಳವೂ ನೆನೆದು ಮುದ್ದೆಯಾಗಿತ್ತು.